ಎದೆಯ ಮೇಲಿನ ಪಾಳಿ

ಮೊನ್ನೆ ಗುಜರಿಯವನು ನಮ್ಮ ತಿಳವಳ್ಳಿಯ ಓಣಿಗೆ ಬಂದಾಗ ನನ್ನ ಹೆಂಡತಿ ಶಾಂತವ್ವ ಪಡಸಾಲೆಯ ಬಾಗಿಲಿಗೆ ಒತ್ತಿಟ್ಟಿದ್ದ ಅರ್ಧ ಕಿಲೋದ ಕಲ್ಲನ್ನು ಎತ್ತಿಕೊಂಡು ಹೊರಟಿದ್ದಳು. ಕಲ್ಲು ಎಂದರೆ ತೂಕದ ಕಲ್ಲು. ಕಬ್ಬಿಣದ್ದಾದರೂ ನಮ್ಮ ಬಾಯಲ್ಲಿ ಅದು ಕಲ್ಲೇ. ನಾನು ಎಂಜಲು ಕೈಯಲ್ಲೇ ಎದ್ದು ಓಡಿದೆ.

"ಕರೆಂಟಿನ ಕಾಟಾ ಬಂದು ಎಷ್ಟು ವರ್ಷ ಆತು! ಇನ್ನೂ ಇದನ್ನ ಇಟ್ಕೊಂಡು ಪೂಜಿ ಮಾಡ್ತೀರೇನು?" ಎಂದಳು.

ಪೂಜೆ ಮಾಡುವುದಿಲ್ಲ, ನಿಜ. ಆದರೆ ಆ ಕಲ್ಲು ಹೋದ ವರ್ಷ ನನ್ನ ಜೊತೆ ದವಾಖಾನೆಯ ಮಕ್ಕಳ ವಾರ್ಡಿಗೆ ಹೋಗಿ ಬಂದಿದೆ. ನನ್ನ ಮಾನ ಹೋದದ್ದನ್ನು ಕಣ್ಣಾರೆ ಕಂಡ ಸಾಕ್ಷಿ ಅದು. ಅಂಥದ್ದನ್ನು ಗುಜರಿಗೆ ಹಾಕುವುದಕ್ಕೆ ಮನಸ್ಸು ಬರಲಿಲ್ಲ. ಗುಜರಿಯವನಿಗೆ ಒಂದು ತೂತಾದ ಕೊಡ ಕೊಟ್ಟು ಸಾಗಹಾಕಿ, ಕಲ್ಲನ್ನು ಮೊದಲಿನ ಜಾಗದಲ್ಲೇ ಇಟ್ಟು, ತಣ್ಣಗಾದ ಊಟದ ಮುಂದೆ ಕುಳಿತೆ. ಊಟ ಮುಗಿದರೂ ನೆನಪು ಮುಗಿಯಲಿಲ್ಲ.

ನಾನು ಹಾನಗಲ್ಲು, ಹಿರೇಕೆರೂರಿನ ಮಾರುಕಟ್ಟೆ ಯಾರ್ಡುಗಳಲ್ಲಿ ಮೂವತ್ತು ವರ್ಷಕ್ಕೂ ಮೇಲೆ ತೂಕದವನಾಗಿದ್ದೆ. ಗೋವಿನಜೋಳದ ಹಂಗಾಮಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಚೀಲ ಏರಿಸುವುದು, ಇಳಿಸುವುದು, ಎಣಿಸುವುದು. ನಮ್ಮ ಎಣಿಕೆ ಒಂದರಿಂದ ಶುರುವಾಗುವುದಿಲ್ಲ. ಮೊದಲನೆಯ ಚೀಲಕ್ಕೆ "ಲಾಭ" ಎನ್ನಬೇಕು. ಆಮೇಲೆ ಎರಡು, ಮೂರು. ಚೀಲಕ್ಕೆ ಅಂಗೈಯಿಂದ ಒಂದು ಪೆಟ್ಟು ಕೊಟ್ಟು, ಇದು ಇಷ್ಟು ಕಿಲೋ, ಇದರಲ್ಲಿ ಇಷ್ಟು ಹಸಿ ಇದೆ ಎಂದು ಹೇಳುತ್ತಿದ್ದೆ. ಬಹಳ ಸಲ ಸರಿಯಾಗಿಯೇ ಹೇಳುತ್ತಿದ್ದೆ. ತಪ್ಪಿದಾಗ ತೂಗುವ ಕಾಟಾ ಕೆಟ್ಟಿದೆ ಎನ್ನುತ್ತಿದ್ದೆ. ಹಿಡಿ ಕಾಳು ಹೆಚ್ಚುಕಡಿಮೆಯಾದರೆ ಅದನ್ನು ತೂಕ ಎಂದೇ ನಾವು ಕರೆಯುತ್ತಿರಲಿಲ್ಲ. ಕೆಳಗೆ ಚೆಲ್ಲಿದ್ದು ಗುಬ್ಬಿಗೆ.

ಇಂಥ ಮನುಷ್ಯನ ಮಗಳು ಸುಜಾತಾ, ಸವಣೂರು ತಾಲೂಕಿನ ಹತ್ತಿಮತ್ತೂರಿಗೆ ಕೊಟ್ಟವಳು, ಚೊಚ್ಚಲು ಹೆರಿಗೆಗೆ ಬಂದಿದ್ದಳು. ಇನ್ನೂ ಏಳು ವಾರ ಬಾಕಿಯಿತ್ತು. ಒಂದು ದಿನ ತಲೆ ನೋವು, ಕಣ್ಣು ಮಂಜು ಎಂದಳು. ಆಶಾ ಕಾರ್ಯಕರ್ತೆ ಬಂದು ಮುಖ, ಕೈಕಾಲು ಬಾತದ್ದನ್ನು ನೋಡಿದವಳೇ ಗಾಡಿಗೆ ಫೋನು ಮಾಡಿದಳು. ಹಾನಗಲ್ಲಿನ ದವಾಖಾನೆಯಲ್ಲಿ ಬಿ.ಪಿ. ಏರಿದೆ, ತಡ ಮಾಡುವ ಹಾಗಿಲ್ಲ ಎಂದು ಆಪರೇಷನ್ ಮಾಡಿದರು. ಹೆಣ್ಣು ಕೂಸು. "ಸಾವಿರದ ಆರುನೂರಾ ಐವತ್ತು ಗ್ರಾಂ" ಎಂದರು. ಸಾವಿರ ಎಂಬ ಮಾತು ಕೇಳಿ ನನಗೆ ಮೊದಲು ಸಮಾಧಾನವೇ ಆಯಿತು. ಆಮೇಲೆ ತಿರುಗಿಸಿ ಲೆಕ್ಕ ಹಾಕಿದೆ: ಒಂದೂಮುಕ್ಕಾಲು ಕಿಲೋ ಕೂಡ ಇಲ್ಲ.

ಕಿಟಕಿಯ ಗಾಜಿನಿಂದ ತೋರಿಸಿದರು. ಬೆಚ್ಚನೆಯ ದೀಪದ ಕೆಳಗೆ ಮಲಗಿತ್ತು. ಮೂಗಿನಲ್ಲಿ ಹಾಲಿನ ನಳಿಕೆ. ಚರ್ಮದೊಳಗಿನ ನರಗಳೆಲ್ಲ ಕಾಣುತ್ತಿದ್ದವು. ಬೆರಳುಗಳಿಗೆ ಉಗುರು ಕೂಡ ಇದ್ದವು. ನಾನು ಆ ಉಗುರುಗಳನ್ನೇ ಬಹಳ ಹೊತ್ತು ನೋಡಿದೆ. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಅಚ್ಚುಕಟ್ಟಾಗಿ ಹತ್ತು ಉಗುರು ಕೂಡಿಸಿದವರು ಯಾರು ಎಂದು ಬೆರಗಾದೆ.

ಮಕ್ಕಳ ಡಾಕ್ಟರ್ ಬಂಕಾಪುರದ ಕಡೆಯವರು, ನಡುವಯಸ್ಸಿನ ಹೆಣ್ಣುಮಗಳು. ನಾವೆಲ್ಲ ಬಾಯಾರು ಎನ್ನುತ್ತಿದ್ದೆವು. ಅವರು ಮುಚ್ಚುಮರೆಯಿಲ್ಲದೆ ಹೇಳಿದರು: "ಕೂಸಿಗೆ ಈಗ ಮೂರು ಕೆಲಸ ಬರಬೇಕ್ರಿ. ಮೈ ಬೆಚ್ಚಗ ಇಟ್ಕೊಳ್ಳೂದು, ಮರೀದ ಉಸಿರಾಡೂದು, ಹಾಲು ಚೀಪೂದು. ಮೂರೂ ಕಲೀತು ಅಂದ್ರ ಮನೀಗೆ ಕಳಸ್ತೇನಿ. ಅಲ್ಲೀತನಕಾ ನಾನು ಏನೂ ಮಾತು ಕೊಡೂದಿಲ್ಲ."

ಉಸಿರಾಡುವುದನ್ನೂ ಕಲಿಯಬೇಕೆ? ಅರವತ್ತು ವರ್ಷ ಪುಕ್ಕಟೆ ಉಸಿರಾಡಿದ ನನಗೆ ಅದೊಂದು ವಿದ್ಯೆ ಎಂದು ಅಂದೇ ಗೊತ್ತಾದದ್ದು.

ಐದನೆಯ ದಿನ ಸಿಸ್ಟರ್ ತೂಕ ಬರೆದದ್ದನ್ನು ಇಣುಕಿ ನೋಡಿದೆ. ಸಾವಿರದ ಐನೂರಾ ನಲವತ್ತು! ನೂರಾಹತ್ತು ಗ್ರಾಂ ಇಳಿದಿತ್ತು. ಹಾಲು ಕುಡಿಸುತ್ತಿದ್ದಾರೆ, ಬೆಚ್ಚಗೆ ಇಟ್ಟಿದ್ದಾರೆ, ಆದರೂ ಇಳಿದಿದೆ ಎಂದರೆ ಏನರ್ಥ? ಆಗ ನನ್ನ ಹಳೆಯ ಚಾಳಿ ತಲೆ ಎತ್ತಿತು. ಕಾಟಾ ಕೆಟ್ಟಿದೆ!

ನೀವು ನಗುತ್ತೀರಿ. ನಗಿರಿ. ಆ ಹೊತ್ತಿಗೆ ನನಗೆ ಬೇರೆ ಆಸರೆ ಇರಲಿಲ್ಲ. ತಿಳವಳ್ಳಿಗೆ ಬಸ್ಸು ಹತ್ತಿ ಹೋಗಿ, ಸರ್ಕಾರದ ಮುದ್ರೆ ಬಿದ್ದ ಅರ್ಧ ಕಿಲೋದ ಎರಡು ಕಲ್ಲು, ಇನ್ನೂರು ಗ್ರಾಮಿನದೊಂದು, ನೂರರದೊಂದು ಕೈಚೀಲದಲ್ಲಿ ಹಾಕಿಕೊಂಡು ಮರುದಿನ ಬೆಳಗ್ಗೆ ದವಾಖಾನೆಯ ಬಾಗಿಲಿಗೆ ಬಂದೆ. ಕಾವಲಿನವನು ಚೀಲ ಎತ್ತಿ ನೋಡಿ ದಂಗಾದ. "ಏನ್ರಿ ಯಜಮಾನ್ರ, ಬಾಣಂತಿಗೆ ಕಬ್ಬಿಣ ಕೊಡ್ರಿ ಅಂದ್ರ ಹಿಂಗ ತರ್ತಾರೇನ್ರಿ?" ಎಂದ. ಆ ಗದ್ದಲಕ್ಕೆ ಬಾಯಾರೇ ಹೊರಗೆ ಬಂದರು.

ನಾನು ನೆಲ ನೋಡುತ್ತ ಹೇಳಿದೆ: "ತಪ್ಪು ತಿಳೀಬ್ಯಾಡ್ರಿ ಬಾಯಾರ. ನಾ ತೂಕದಾಂವ. ನಿಮ್ಮ ಕಾಟಾ ಒಂದಿಷ್ಟು ನೋಡಿದ್ರ ಜೀವಕ್ಕ ಸಮಾಧಾನ ಅಕ್ಕೈತ್ರಿ."

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬಗ್ಗಿ ಚೀಲದಲ್ಲಿ ನೋಡಿದರು. "ನೋಡೂಣು ಬರ್ರಿ. ಆದ್ರ ಒಳಗ ಬರೂದಕ್ಕ ಎಲ್ಲಾರಿಗೂ ಒಂದs ಕಾಯ್ದೆ. ನಿಮ್ಮ ಕೈ ಮೊಣಕೈತನಕಾ ತೊಳೀರಿ. ಕಲ್ಲಿಗೂ ಜಳಕಾ ಮಾಡಸ್ರಿ."

ಮಾಡಿಸಿದೆ. ಸಾಬೂನು ಹಚ್ಚಿ, ಸ್ಪಿರಿಟ್ಟಿನಿಂದ ಒರೆಸಿ, ಒಂದು ಶುದ್ಧ ಬಟ್ಟೆಯಲ್ಲಿ ಸುತ್ತಿ ಒಯ್ದೆ. ಕೂಸು ಮಲಗುವ ತಟ್ಟೆಯ ಮೇಲೆ ಒಂದೊಂದೇ ಇಟ್ಟೆ. ಐನೂರಕ್ಕೆ ಐನೂರು. ಸಾವಿರಕ್ಕೆ ಸಾವಿರ. ಸಾವಿರದ ಮುನ್ನೂರಕ್ಕೆ ಕೂದಲೆಳೆಯಷ್ಟೂ ಫರಕಿಲ್ಲದೆ ಸಾವಿರದ ಮುನ್ನೂರು. ನನ್ನ ಆಯುಷ್ಯದಲ್ಲಿ ಅಷ್ಟು ಪ್ರಾಮಾಣಿಕ ಕಾಟಾ ನಾನು ನೋಡಿರಲಿಲ್ಲ. ಅದು ಸುಳ್ಳು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿ ಕಣ್ಣು ತುಂಬಿತು.

ಬಾಯಾರು ಒಂದು ಕುರ್ಚಿ ಎಳೆದು ಕೂರಿಸಿದರು. "ಅಜ್ಜಾರ, ನೀವು ಹಸಿ ಗೋವಿನಜೋಳ ತೂಗೀರಿಲ್ಲೋ? ಒಣಗಿದ ಮ್ಯಾಲೆ ತೂಕ ಇಳೀತದ, ಕಾಳು ಹೋಗಿರ್ತಾವೇನು?"

"ಇಲ್ರಿ. ನೀರು ಹೋಗಿರತೈತ್ರಿ."

"ಹಂಗs ಇದು. ಹೊಟ್ಟ್ಯಾಗ ನೀರೊಳಗ ಇದ್ದ ಕೂಸು. ಮೊದಲನೇ ವಾರದಾಗ ಎಲ್ಲಾ ಕೂಸೂ ಒಂದೀಟು ಇಳೀತಾವ. ದೊಡ್ಡ ಕೂಸಾದ್ರ ಹತ್ತು ಹದಿನೈದು ದಿನದಾಗ ಹುಟ್ಟಿದ ತೂಕಕ್ಕ ಬರ್ತದ, ಸಣ್ಣದಕ್ಕ ತುಸು ತಡ. ಇಳದದ್ದು ಲೆಕ್ಕದಾಗ ಐತೋ ಇಲ್ಲೋ ನೋಡಾಕs ನಾನು ಇಲ್ಲಿ ಕುಂತೇನಿ. ನೀವು ಒಂದು ಕೆಲಸ ಮಾಡ್ರಿ. ಕಲ್ಲು ಮನೀಗೆ ಒಯ್ದು, ಎದಿ ತಗೊಂಡು ಬರ್ರಿ."

ಎದೆ?

ವಿಷಯ ಇಷ್ಟು. ಕೂಸನ್ನು ಬರಿಮೈಯಲ್ಲಿ, ಒಂದು ಲಂಗೋಟಿ, ಟೊಪ್ಪಿಗೆ, ಕಾಲುಚೀಲ ಮಾತ್ರ ಹಾಕಿ, ದೊಡ್ಡವರ ಬರಿಯ ಎದೆಗೆ ನೆಟ್ಟಗೆ ಅಂಟಿಸಿ ಕಟ್ಟಬೇಕು. ಮೈಗೆ ಮೈ ತಾಗಬೇಕು. ದಿನಕ್ಕೆ ಎಷ್ಟು ತಾಸು ಆದರೆ ಅಷ್ಟು ಒಳ್ಳೆಯದು. ತಾಯಿಯೇ ಮೊದಲು. ಆದರೆ ಸುಜಾತಾಗೆ ಹೊಲಿಗೆಯ ನೋವು, ಬಿ.ಪಿ. ಇನ್ನೂ ಇಳಿದಿರಲಿಲ್ಲ, ಇಡೀ ದಿನ ಕೂರಲಾರಳು. ಶಾಂತವ್ವನಿಗೆ ಕೆಮ್ಮು, ಅವಳನ್ನು ಬಾಗಿಲ ಒಳಗೇ ಬಿಟ್ಟಿರಲಿಲ್ಲ. ಅವಳು ಊರಲ್ಲಿ ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿ, ಹಾಗೇ ದ್ಯಾಮವ್ವನ ಗುಡಿಗೂ ಒಂದು ಸುತ್ತು ಹೋಗಿ ಬರುತ್ತಿದ್ದಳು. ನಮ್ಮ ಮನೆಯಲ್ಲಿ ಎರಡೂ ನಡೆಯುತ್ತವೆ. ಅಳಿಯ ಪ್ರಕಾಶ ಒಕ್ಕುವ ಮಷಿನ್ ನಡೆಸುವವನು, ಹತ್ತಿಮತ್ತೂರಿನಿಂದ ಸಂಜೆ ಬಂದು ತನ್ನ ಪಾಳಿ ಮಾಡುತ್ತಿದ್ದ. ಉಳಿದದ್ದು ಮಧ್ಯಾಹ್ನ. ಅದು ನನ್ನ ಪಾಳಿ.

"ಗಂಡಸರು ಮುಟ್ಟಬಹುದೇನ್ರಿ? ಇನ್ನೂ ಪುರುಡು ಕಳದಿಲ್ಲ" ಎಂದು ಕೇಳಿದೆ.

"ಕೂಸಿಗೆ ಬೇಕಾಗಿದ್ದು ಬಿಸಿ. ಅದು ಗಂಡಸರ ಮೈಯಾಗೂ ಇರತೈತಿ" ಎಂದರು.

ಇಲ್ಲಿ ನಾನು ಸ್ವಲ್ಪ ದಾರಿ ಬಿಟ್ಟು ಹೋಗಬೇಕು. ನನ್ನ ಅವ್ವ ತಿಳವಳ್ಳಿಯಲ್ಲಿ ಕೂಸುಗಳಿಗೆ ನೀರು ಹಾಕುವವಳು. ಎರಡು ಕಾಲು ಚಾಚಿ ಕುಳಿತು, ಕೂಸನ್ನು ಕಣಕಾಲಿನ ಮೇಲೆ ಬೋರಲು ಹಾಕಿಕೊಂಡು, ಹೊಗೆಯಾಡುವ ನೀರು ಸುರಿಯುತ್ತಿದ್ದರೆ ಓಣಿಯ ತುದಿಯವರೆಗೆ ಚೀರಾಟ ಕೇಳುತ್ತಿತ್ತು. ಎತ್ತಿ ಹಿಡಿದ ಕೂಡಲೇ ಕೂಸು ಎಷ್ಟು ಭಾರವಿದೆ ಎಂದು ಅವಳಿಗೆ ತಿಳಿಯುತ್ತಿತ್ತು. ಆದರೆ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಕೂಸಿನ ತೂಕ ಆಡಿ ತೋರಿಸಿದರೆ ಕೂಸು ಸೊರಗುತ್ತದೆ ಎಂದು ಅವಳ ನಂಬಿಕೆ. ಅಂಗೈಯಲ್ಲಿ ತೂಕ ಹಿಡಿಯುವ ನನ್ನ ವಿದ್ಯೆ ಅವಳಿಂದಲೇ ಬಂದಿರಬೇಕು.

ನನಗೆ ಎಂಟು ವರ್ಷವಿದ್ದಾಗ ನನಗೊಬ್ಬಳು ತಂಗಿ ಹುಟ್ಟಿದಳು. ದಿನ ತುಂಬಿರಲಿಲ್ಲ. ಅರಳೆಯಲ್ಲಿ ಸುತ್ತಿ, ಕಾಳು ಕೇರುವ ಮೊರದಲ್ಲಿ ಮಲಗಿಸಿ, ಕತ್ತಲೆ ಕೋಣೆಯಲ್ಲಿ ಶೆಗಡಿಯ ಪಕ್ಕ ಇಟ್ಟಿದ್ದರು. ಕೆಂಡದ ಬಿಸಿ, ಲೋಬಾನದ ಹೊಗೆ. ನಾನು ಬಾಗಿಲ ಸಂದಿಯಿಂದ ನೋಡಿದರೆ ಅರಳೆ ಮಾತ್ರ ಕಾಣುತ್ತಿತ್ತು. ಅಪ್ಪ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ. ಪುರುಡಿನಲ್ಲಿ ಗಂಡಸು ಒಳಗೆ ಹೋಗುವಂತಿರಲಿಲ್ಲ. ಊಟಕ್ಕೂ ಒಳಗೆ ಬರದೆ ಮೂರು ದಿನ ಅಲ್ಲೇ ಕುಳಿತಿದ್ದ. ನಾಲ್ಕನೆಯ ದಿನ ಬೆಳಗ್ಗೆ ಮೊರ ಖಾಲಿಯಾಗಿತ್ತು. ಅವ್ವ ಅದರಲ್ಲಿ ಮತ್ತೆಂದೂ ಕಾಳು ಕೇರಲಿಲ್ಲ.

ಅಪ್ಪ ಹಮಾಲಿ ಮಾಡಿದವನು. ಅವನ ಎದೆ ಎಂಥ ಅಗಲವಿತ್ತು ಎಂದರೆ ನಾವು ಮೂವರು ಮಕ್ಕಳು ಚಳಿಗಾಲದಲ್ಲಿ ಅದಕ್ಕೇ ಜಗಳವಾಡುತ್ತಿದ್ದೆವು. ಬಾಯಾರ ಮಾತು ಕೇಳಿದಾಗ ನನಗೆ ಅದೇ ನೆನಪಾಯಿತು. ಔಷಧ ನಮ್ಮ ಕಟ್ಟೆಯ ಮೇಲೆಯೇ ಬೀಡಿ ಸೇದುತ್ತ, ಅಳುತ್ತ ಕುಳಿತಿತ್ತು. ಬೀಡಿ ಆರಿಸಿ ಒಳಗೆ ಬಾ ಎಂದು ಕರೆಯಲು ಯಾರಿಗೂ ಗೊತ್ತಿರಲಿಲ್ಲ. ಯಾರ ತಪ್ಪೂ ಅಲ್ಲ. ಆದರೂ ದವಾಖಾನೆಯ ಮೆಟ್ಟಿಲ ಮೇಲೆ ಕುಳಿತು ನಾನು ಅಪ್ಪನಿಗಾಗಿ ಅತ್ತೆ.

ಪಾಳಿಗೆ ತಯಾರಾಗುವುದೂ ಸಣ್ಣ ಕೆಲಸವಲ್ಲ. ಉಗುರು ಕತ್ತರಿಸಬೇಕು, ದಿನಾ ಸ್ನಾನ, ಒಗೆದ ಬಟ್ಟೆ. ಉಂಗುರ, ದಾರ ಬಿಚ್ಚಿಡಬೇಕು. ಸಿಸ್ಟರ್ ನನ್ನ ಬಾಯಿ ನೋಡಿದವರೇ, "ತಂಬಾಕು ಬಂದ್" ಎಂದರು. ಸವಣೂರಿನ ಎಲೆಗೆ ತಂಬಾಕು ಇಟ್ಟು ಹಾಕಿಕೊಳ್ಳುವುದು ನನ್ನ ನಲವತ್ತು ವರ್ಷದ ಸಂಸಾರ. ಶಾಂತವ್ವ ಬೇಡಿದ್ದಳು, ಸುಜಾತಾ ಆಣೆ ಹಾಕಿಸಿದ್ದಳು, ಯಾರಿಗೂ ಬಗ್ಗಿರಲಿಲ್ಲ. ಒಂದೂವರೆ ಕಿಲೋದ ಕೂಸಿಗೆ ಒಂದೇ ದಿನದಲ್ಲಿ ಬಗ್ಗಿದೆ. ಸುಜಾತಾ ಮಾತ್ರ, "ನಾ ಹೇಳಿದ್ರ ಕೇಳಲಿಲ್ಲ, ನಿನ್ನೆ ಬಂದಾಕಿ ಮಾತು ಕೇಳ್ತಿ" ಎಂದು ಹಾಸಿಗೆಯಿಂದಲೇ ಚುಚ್ಚಿದಳು.

ಕಟ್ಟುವ ಬಟ್ಟೆ ನನ್ನ ಮೈಗೆ ಸಾಲಲಿಲ್ಲ. ನನ್ನದೇ ಒಗೆದ ಧೋತರವನ್ನು ಅರ್ಧ ಹರಿದು, ಒರಗು ಕುರ್ಚಿಯಲ್ಲಿ ನನ್ನನ್ನು ಓರೆಯಾಗಿ ಕೂರಿಸಿ, ಕೂಸನ್ನು ಎದೆಯ ನಡುವೆ ಇಟ್ಟು ಸುತ್ತಿದರು. ಮುಖ ಒಂದು ಬದಿಗೆ, ಗದ್ದ ಎದೆಗೆ ಒತ್ತಬಾರದು, ಮೂಗು ಯಾವಾಗಲೂ ತೆರೆದಿರಬೇಕು. ಸಿಸ್ಟರ್ ಎರಡೆರಡು ಸಲ ತೋರಿಸಿಕೊಟ್ಟರು. ಎಷ್ಟೋ ಟನ್ ಎತ್ತಿದ ಈ ಎದೆಯ ಮೇಲೆ ಬಂದು ಕುಳಿತ ಭಾರ ನನಗೆ ತಿಳಿಯಲೇ ಇಲ್ಲ. ಬಿಸಿ ಮಾತ್ರ ತಿಳಿಯಿತು. ಆಮೇಲೆ ಒಂದು ಮಿಡಿತ. ನನ್ನದು ಒಂದು ಹೊಡೆಯುವಷ್ಟರಲ್ಲಿ ಅದರದು ಎರಡು ಹೊಡೆಯುತ್ತಿತ್ತು. ಎಲ್ಲಿ ನನ್ನ ಎದೆ ಅಲುಗಿ ಕೂಸಿಗೆ ತೊಂದರೆಯಾದೀತೋ ಎಂದು ನಾನು ಉಸಿರು ಬಿಗಿಹಿಡಿದೆ. ಸುತ್ತು ಬಂದ ಬಾಯಾರು ನನ್ನ ಮುಖ ನೋಡಿ ಗಾಬರಿಯಾದರು.

"ಅಜ್ಜಾರ, ಉಸಿರಾಡ್ರಿ! ನಿಮ್ಮ ಎದಿ ಏರಿ ಇಳದ್ರನs ಕೂಸಿಗೂ ನೆನಪಾಗೂದು."

ನನ್ನ ಉಸಿರು ಇನ್ನೊಬ್ಬರಿಗೆ ಪಾಠವಾಗುತ್ತದೆಂದು ಯಾರು ಊಹಿಸಿದ್ದರು? ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ದಾಟದವನು ನಾನು. ಅಂದಿನಿಂದ ಬಹಳ ಜವಾಬ್ದಾರಿಯಿಂದ ಉಸಿರಾಡತೊಡಗಿದೆ.

ಕೂಸು ಹುಟ್ಟಿ ಒಂದು ವಾರ ಕಳೆದ ಮೇಲೆ ಬೀಗತಿ ಹತ್ತಿಮತ್ತೂರಿನಿಂದ ಬಂದರು. ಒಳ್ಳೆಯ ಹೆಂಗಸು; ಕೈಚೀಲದಲ್ಲಿ ಜೇನುತುಪ್ಪದ ಬಾಟಲಿ, ಔಡಲ ಎಣ್ಣೆ, ಕಾಡಿಗೆ ಡಬ್ಬಿ. ಮೊಮ್ಮಗಳ ಬಾಯಿಗೆ ಒಂದು ಹನಿ ಜೇನು ಹಚ್ಚಬೇಕೆಂದು ಅವರ ಆಸೆ. ಸುಜಾತಾ ತಲೆ ಅಲ್ಲಾಡಿಸಿದಳು. "ಬ್ಯಾಡ್ರಿ ಅತ್ತಿ. ಆರು ತಿಂಗಳ ತನಕಾ ಹಾಲು ಬಿಟ್ಟು ಒಂದು ಹನಿ ನೀರು ಕೂಡ ಬ್ಯಾಡ ಅಂದಾರ. ಜೇನು ಅಂತೂ ವರ್ಷ ತುಂಬೂತನಕಾ ಬ್ಯಾಡs ಬ್ಯಾಡಂತ." ಬೀಗತಿಯ ಮುಖ ಬಾಡಿತು. "ನಿನ್ನ ಗಂಡಗ ನಾ ಇವನ್ನೆಲ್ಲಾ ಹಾಕೇನಿ, ಅಂವಾ ಏನ್ ಸತ್ತನೇನು?" ಎಂದರು. ಬಾಟಲಿಯ ಮುಚ್ಚಳ ಬಿಗಿ ಮಾಡುತ್ತ ಅವರೇ ತಗ್ಗಿದ ದನಿಯಲ್ಲಿ, "ಅವನ ಬೆನ್ನಿಗೆ ಹುಟ್ಟಿದ್ದೊಂದು ಉಳೀಲಿಲ್ಲ ಬಿಡು" ಎಂದು ಬಾಟಲಿಯನ್ನು ಚೀಲದೊಳಗೆ ಇಟ್ಟರು. ಆಮೇಲೆ ಸಿಸ್ಟರ್ ಬಳಿ ಹೋಗಿ ಎಲ್ಲ ಕೇಳಿಕೊಂಡು ಬಂದವರೂ ಅವರೇ. ಹೊಕ್ಕುಳಿಗೆ ಏನೂ ಹಚ್ಚದೆ ಒಣಗಿಸಬೇಕಂತೆ, ಕಣ್ಣಿಗೆ ಕಾಡಿಗೆ ಬೇಡವಂತೆ, ಅಂಗಾಲು ಮುಟ್ಟಿ ತಣ್ಣಗಿದ್ದರೆ ಬೆಚ್ಚಗೆ ಮಾಡಬೇಕಂತೆ, ಹಾಲು ಬಿಟ್ಟು ಮಂಕಾಗಿ ಮಲಗಿದರೆ ಬೆಳಗಾಗಲಿ ಎಂದು ಕಾಯಬಾರದಂತೆ. ಊರಿಗೆ ಹೋಗಿ ಇಡೀ ಓಣಿಗೆ ಸಾರಿದರಂತೆ.

ಹಾಲಿನ ಮಾತು ಹೇಳಬೇಕು. ಸುಜಾತಾಗೆ ಮೊದಲ ದಿನ ಬಂದದ್ದು ಹಳದಿ ಬಣ್ಣದ ಗಟ್ಟಿ ಹಾಲು, ಒಂದು ಚಮಚೆ ಕೂಡ ಇಲ್ಲ. ನಮ್ಮ ಕಾಲದಲ್ಲಿ ಅದನ್ನು ಕೆಟ್ಟ ಹಾಲು ಎಂದು ಹಿಂಡಿ ಚೆಲ್ಲುತ್ತಿದ್ದರು. ಇಲ್ಲಿ ಸಿಸ್ಟರ್ ಅದರ ಒಂದೊಂದು ಹನಿಯನ್ನೂ ಹಿಡಿದು ಕೂಸಿಗೆ ಹಾಕಿದ್ದರು. ಮೊದಲು ನಳಿಕೆಯಿಂದ, ಆಮೇಲೆ ಸ್ಟೀಲಿನ ಒಳಲೆಯಿಂದ, ಆ ಮೂತಿಯಿರುವ ಪುಟ್ಟ ಬಟ್ಟಲಿನಿಂದ. ಒಳಲೆ! ನನ್ನ ಅವ್ವನ ಬಳಿ ಹಿತ್ತಾಳೆಯದೊಂದು ಇತ್ತು. ಅಷ್ಟು ಯಂತ್ರಗಳ ನಡುವೆ ಅದನ್ನು ಕಂಡು, ಊರವರೊಬ್ಬರು ಸಿಕ್ಕ ಹಾಗಾಯಿತು.

ಒಂಬತ್ತನೆಯ ದಿನ ಮಧ್ಯಾಹ್ನ ಎದೆಯ ಮೇಲಿನ ಆ ಸಣ್ಣ ಏರಿಳಿತ ನಿಂತಿತು. ನಾನು ಅದರ ಉಸಿರನ್ನು ಚೀಲ ಎಣಿಸಿದಂತೆ ಎಣಿಸುತ್ತಿದ್ದೆ: ಲಾಭ, ಎರಡು, ಮೂರು... ಹನ್ನೊಂದರ ಮೇಲೆ ಹನ್ನೆರಡು ಬರಲಿಲ್ಲ. ಕಾದೆ. ಬರಲಿಲ್ಲ. ತುಟಿ ಬಣ್ಣಗೆಟ್ಟಿತು. "ಸಿಸ್ಟರ್!" ಎಂದು ಕೂಗಿದ ನನ್ನ ದನಿ ಯಾರ್ಡಿನಲ್ಲಿ ಕೂಗುತ್ತಿದ್ದ ದನಿಯೇ ಇರಬೇಕು, ಇಡೀ ವಾರ್ಡು ಎದ್ದು ನಿಂತಿತು. ಹೇಳಿಕೊಟ್ಟಿದ್ದಂತೆ ಬೆನ್ನು ಸವರಿದೆ, ಅಂಗಾಲು ತಟ್ಟಿದೆ. ಸಿಸ್ಟರ್ ಬಂದು ಕೈ ಹಾಕುವಷ್ಟರಲ್ಲಿ ಕೂಸು ಮೈ ಮುರಿದು ಒಂದು ದೊಡ್ಡ ಉಸಿರು ಎಳೆಯಿತು. "ಲಾಭ" ಎಂದೆ. ಮತ್ತೆ ಮೊದಲಿನಿಂದ ಎಣಿಸತೊಡಗಿದೆ.

ಬಾಯಾರು ಮತ್ತೆ ದೀಪದ ಕೆಳಗೆ ಹಾಕಿದರು, ರಕ್ತ ತೆಗೆದು ನೋಡಿದರು, ಔಷಧ ಕೊಟ್ಟರು. ಸಣ್ಣ ಕೂಸುಗಳು ಹೀಗೆ ಉಸಿರು ಮರೆಯುತ್ತವೆ, ಅದಕ್ಕೇ ಇಲ್ಲಿ ಇಟ್ಟಿರುವುದು ಎಂದರು. ಎರಡು ದಿನ ನನ್ನ ಎದೆ ಖಾಲಿಯಿತ್ತು. ಆ ಎರಡು ದಿನ ನಾನು ದವಾಖಾನೆಯ ಮೆಟ್ಟಿಲ ಮೇಲೆಯೇ ಕುಳಿತಿದ್ದೆ. ಅಪ್ಪ ಕಟ್ಟೆಯ ಮೇಲೆ ಹೇಗೆ ಕುಳಿತಿದ್ದನೆಂದು ಆಗ ನನಗೆ ಪೂರ್ತಿ ತಿಳಿಯಿತು.

ಮತ್ತೆ ಪಾಳಿ ಶುರುವಾಯಿತು. ತೂಕ ಏರತೊಡಗಿತು. ಒಂದು ದಿನ ಹತ್ತು ಗ್ರಾಂ, ಒಂದು ದಿನ ಇಪ್ಪತ್ತು, ಮತ್ತೊಂದು ದಿನ ಏನೂ ಇಲ್ಲ. ಚೆಲ್ಲಿದ ಹಿಡಿ ಕಾಳನ್ನು ಬಗ್ಗಿ ನೋಡದ ನಾನು, ಹತ್ತು ಗ್ರಾಂ ಏರಿತೆಂದು ಕಾವಲಿನವನಿಗೆ ಚಹಾ ಕುಡಿಸಿದೆ. ಹುಟ್ಟಿದ ತೂಕ ದಾಟಿದ ದಿನ ಪ್ರಕಾಶ ನನ್ನ ಕಾಲಿಗೆ ಬೀಳಲು ಬಂದ. ನಾನು ಬಾಯಾರ ಕಡೆ ಬೊಟ್ಟು ಮಾಡಿದೆ. ಅವರು, "ಇನ್ನೂ ಒಂದು ಕೆಲಸ ಬಾಕಿ ಐತಿ" ಎಂದರು.

ಹೌದು. ಬೆಚ್ಚಗಿತ್ತು, ಉಸಿರಾಡುತ್ತಿತ್ತು. ಚೀಪಲು ಬರುತ್ತಿರಲಿಲ್ಲ. ಸುಜಾತಾ ದಿನಾ ಎದೆಗೆ ಹಿಡಿಯುತ್ತಿದ್ದಳು. ಕೂಸು ಬಾಯಿ ಮುಟ್ಟಿಸಿ ಹಾಗೇ ನಿದ್ದೆ ಹೋಗುತ್ತಿತ್ತು. ಚೀಪುವುದು, ನುಂಗುವುದು, ಉಸಿರೆಳೆಯುವುದು, ಮೂರನ್ನೂ ಒಂದರ ಹಿಂದೆ ಒಂದು ಹೊಂದಿಸಬೇಕು. ಅದು ಹೊರಗಿನಿಂದ ಹೇಳಿಕೊಡಲು ಬರುವುದಿಲ್ಲ ಎಂದಿದ್ದರು. ಮಗಳು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. "ನನ್ನ ಹತ್ರ ಬಂದ್ರನs ಮಲಗ್ತೈತಿ ಅಪ್ಪಾ. ನನ್ನ ಮ್ಯಾಲೆ ಸಿಟ್ಟೇನು ಅದಕ್ಕ?" ಎಂದು ಒಮ್ಮೆ ಕೇಳಿದಳು.

ಇಪ್ಪತ್ತನೆಯ ದಿನ ಮಧ್ಯಾಹ್ನ. ನಾನು ಕುರ್ಚಿಯಲ್ಲಿ ಒರಗಿದ್ದೆ, ಸುಜಾತಾ ಪಕ್ಕದ ಮಂಚದಲ್ಲಿ ಕಣ್ಣು ಮುಚ್ಚಿದ್ದಳು. ಧೋತರದೊಳಗೆ ಏನೋ ಹೊರಳಿತು. ಕೂಸು ಎಚ್ಚರವಾಗಿತ್ತು. ತಲೆ ಎತ್ತಲು ನೋಡಿ, ಬೀಳಿಸಿ, ಮತ್ತೆ ಎತ್ತಿತು. ಮೊದಲು ಉಸಿರು ನೋಡಿದೆ, ಸರಿಯಿತ್ತು. ಅದು ಬಾಯಿ ತೆರೆದು ನನ್ನ ಎದೆಯ ಮೇಲೆ ಆ ಕಡೆ, ಈ ಕಡೆ ಸವರುತ್ತಿತ್ತು. ಸಣ್ಣ ನಾಲಿಗೆ ಹೊರಗೆ ಬಂದು ಒಳಗೆ ಹೋಯಿತು. ಆಮೇಲೆ ನನ್ನ ನರೆಗೂದಲ ನಡುವೆ ಒಂದು ಕಡೆ ಬಾಯಿ ಊರಿ ಜಗ್ಗಿ ಚೀಪತೊಡಗಿತು. ಎಂಥ ಶಕ್ತಿ! ಯಾರೂ ಕಲಿಸದೆ, ಯಾರೂ ತೋರಿಸದೆ!

ನನ್ನ ಜೀವನದಲ್ಲಿ ಅಷ್ಟು ನಾಚಿಕೆಯನ್ನೂ ಅಷ್ಟು ಹಿಗ್ಗನ್ನೂ ನಾನು ಒಟ್ಟಿಗೆ ಕಂಡಿಲ್ಲ. "ಯವ್ವಾ, ಅಲ್ಲಿ ಏನೂ ಇಲ್ಲವ್ವಾ... ಈ ಮುದುಕನ ಹತ್ರ ಏನೂ ಇಲ್ಲ" ಎಂದೆ. ಆಮೇಲೆ ಕೂಗಿದೆ: "ಸಿಸ್ಟರ್, ಬರ್ರಿ! ಕೂಸು ಹಾಲು ಹುಡುಕಾಕತ್ತೈತಿ!"

ಸಿಸ್ಟರ್ ಓಡಿ ಬಂದು ಗಂಟು ಬಿಚ್ಚಿ, ಕೂಸನ್ನು ಹಾಗೇ ಎತ್ತಿ ಸುಜಾತಾಳ ಎದೆಗೆ ಇಟ್ಟರು. ನಾನು ಮುಖ ತಿರುಗಿಸಿ ನಿಂತೆ. ಕೂಸು ಒಂದು ಕ್ಷಣ ಕುಂಯ್ ಎಂದಿತು. ಆಮೇಲೆ ಏನೂ ಕೇಳಿಸಲಿಲ್ಲ. ನಿದ್ದೆ ಹೋಯಿತೇನೋ ಎಂದುಕೊಂಡೆ. ಅಷ್ಟರಲ್ಲಿ ಆ ಸದ್ದು ಬಂತು. ಗುಟುಕ್. ಬಹಳ ಸಣ್ಣದು. ಒಂದು ಉಸಿರು. ಮತ್ತೆ, ಗುಟುಕ್.

ಸುಜಾತಾ ಅಳುತ್ತಿದ್ದಳು. ಎಲ್ಲಿ ಮೈ ಅಲುಗಿದರೆ ಕೂಸು ಬಾಯಿ ಬಿಟ್ಟೀತೋ ಎಂದು ಅಲುಗದೆ ಅಳುತ್ತಿದ್ದಳು. ನನ್ನ ಎದೆಯ ಮೇಲೆ ಅದು ಚೀಪಿದ ಜಾಗ ಇನ್ನೂ ಒದ್ದೆಯಿತ್ತು. ಕಿಟಕಿಯ ಗಾಳಿಗೆ ಅಲ್ಲಿ ತಣ್ಣಗಾಗುತ್ತಿತ್ತು.

"ಅಂಗಿ ಹಾಕ್ಕೋ ಅಪ್ಪಾ, ಥಂಡಿ ಅಕ್ಕೈತಿ" ಎಂದಳು ಮಗಳು.

ಹಾಕಿಕೊಳ್ಳಲಿಲ್ಲ. ಇನ್ನೊಂದು ಗುಟುಕು ಕೇಳಲಿ ಎಂದು ಗೋಡೆಯ ಕಡೆ ಮುಖ ಮಾಡಿ ನಿಂತೇ ಇದ್ದೆ.